ಹೆದರುವ ಓದುಗರಿಗೆ ದೆವ್ವದ ಕಥೆಯೋ, ಕೊಲೆಯ ಕಥೆಯೋ?

ಹೋದ ಮಳೆಗಾಲದಲ್ಲಿ ಒಬ್ಬ ಹುಡುಗಿ ನಮ್ಮ ಲೈಬ್ರರಿಗೆ ಬಂದು ಒಂದು ಕ್ರೈಂ ಥ್ರಿಲ್ಲರ್ ವಾಪಸ್ ಕೊಟ್ಟಳು. ತೆಗೆದುಕೊಂಡು ಹೋಗಿ ಮೂರೇ ದಿನ ಆಗಿತ್ತು. 112ನೇ ಪುಟದಲ್ಲಿ ಗುರುತಿಗೆ ಇಟ್ಟ ಬಸ್ ಟಿಕೆಟ್ ಹಾಗೇ ಇತ್ತು. "ಯಾಕಮ್ಮಾ, ಚೆನ್ನಾಗಿರಲಿಲ್ವಾ?" ಅಂದೆ. "ಚೆನ್ನಾಗಿತ್ತು ಮೇಡಂ. ಆದ್ರೆ ರಾತ್ರಿ ಎದ್ದೆದ್ದು ಚಿಲಕ ಹಾಕಿದೀನಾ ಅಂತ ನೋಡ್ತಾ ಇದ್ದೆ. ಪುಸ್ತಕಾನ ರೂಮಲ್ಲಿ ಇಟ್ಕೊಳ್ಳೋಕೇ ಆಗ್ಲಿಲ್ಲ, ಅಡುಗೆಮನೇಲಿ ಅಕ್ಕಿ ಡಬ್ಬದ ಮೇಲಿಟ್ಟು ಬಂದು ಮಲಗಿದೆ" ಅಂದಳು. ಊರು ಬಿಟ್ಟು ಬಂದು ಒಬ್ಬಳೇ ಬಾಡಿಗೆ ಮನೆಯಲ್ಲಿ ಇರುವವಳು. ಹೆದರಿಕೆ ಜಾಸ್ತಿ ಇರುವವರು ಹಾರರ್ ಮುಟ್ಟಬಾರದು, ಕ್ರೈಂ ಆದರೆ ಪರವಾಗಿಲ್ಲ ಅಂತ ಅವಳಿಗೆ ಯಾರೋ ಹೇಳಿದ್ದರಂತೆ.

ಈ ಮಾತನ್ನು ನಾನೂ ತುಂಬಾ ವರ್ಷ ನಂಬಿದ್ದೆ. ಲೈಬ್ರೇರಿಯನ್ ಆಗಿ 22 ವರ್ಷ ಆಯಿತು. ಇಂಥ ಓದುಗರು ವಾರಕ್ಕೆ ಒಬ್ಬರಾದರೂ ಕೌಂಟರಿಗೆ ಬರುತ್ತಾರೆ. ಮುಂದೇನಾಯ್ತು ಅನ್ನುವ ಕುತೂಹಲವೂ ಬೇಕು, ರಾತ್ರಿ ನಿದ್ದೆಯೂ ಬೇಕು. ಇದರಲ್ಲಿ ತಪ್ಪೇನೂ ಇಲ್ಲ. ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಬರೆದ ಗ್ರಂಥಾಲಯದ ಐದು ಸೂತ್ರಗಳಲ್ಲಿ ಎರಡನೆಯದು, ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು ಅನ್ನುವುದು. ಹೆದರುವವರಿಗೂ ಅವರ ಪುಸ್ತಕ ಇದೆ. ಹುಡುಕಿ ಕೊಡುವುದು ನಮ್ಮ ಕೆಲಸ.

ಕಪಾಟು ಮಾತ್ರ ಇದಕ್ಕೆ ಏನೂ ಸಹಾಯ ಮಾಡುವುದಿಲ್ಲ. ನಮ್ಮಲ್ಲಿ ಡ್ಯೂಯಿ ಪದ್ಧತಿ, ಅಂದರೆ ವಿಷಯಕ್ಕೊಂದು ನಂಬರ್ ಕೊಟ್ಟು ಪುಸ್ತಕ ಜೋಡಿಸುವ ರೀತಿ. ಕನ್ನಡ ಕಾದಂಬರಿ ಯಾವುದೇ ಇರಲಿ, ಬೆನ್ನಿನ ಚೀಟಿಯಲ್ಲಿ 894.8143 ಅನ್ನುವ ಒಂದೇ ನಂಬರ್. ಮಾಟದ ಕಥೆ, ಪತ್ತೇದಾರಿ, ಅತ್ತೆ ಸೊಸೆ ಕಥೆ ಎಲ್ಲಾ ಅಕ್ಕಪಕ್ಕ ಕೂತಿರುತ್ತವೆ. ಮುಖಪುಟ ನೋಡಿದರೂ ಅಷ್ಟೇ. ಹಾರರ್‌ಗೂ ಕಪ್ಪು ಬಣ್ಣ ಕೆಂಪು ಅಕ್ಷರ, ಕ್ರೈಂಗೂ ಕಪ್ಪು ಬಣ್ಣ ಕೆಂಪು ಅಕ್ಷರ.

ಹಾಗಾಗಿ ನಾನು ಬೇರೆ ಒಂದು ವಿಷಯ ನೋಡುತ್ತೇನೆ. ಕಥೆಯೊಳಗೆ ನಮ್ಮ ಕೈ ಹಿಡಿದು ನಡೆಸುವವರು ಯಾರು?

ಎಡ್ಗರ್ ಅಲನ್ ಪೋ ಬರೆದ ಎರಡು ಕಥೆ ಇಟ್ಟುಕೊಂಡು ಇದನ್ನು ಹೇಳಿದರೆ ಸುಲಭ. 1841ರಲ್ಲಿ ಅವನು ಪ್ಯಾರಿಸ್‌ನ ರೂ ಮೋರ್ಗ್ ಬೀದಿಯ ಕೊಲೆಗಳ ಕಥೆ ಬರೆದ. ಪತ್ತೇದಾರಿ ಕಥೆಗಳ ವಂಶ ಶುರುವಾಗುವುದು ಅಲ್ಲಿಂದ ಅಂತ ಸಾಮಾನ್ಯವಾಗಿ ಎಲ್ಲರೂ ಒಪ್ಪುತ್ತಾರೆ. ಅದರಲ್ಲಿ ಇಬ್ಬರು ಹೆಂಗಸರ ಸಾವು ಎಷ್ಟು ಘೋರವಾಗಿದೆ ಅಂದರೆ ಈಗ ಓದಿದರೂ ಮೈ ಜುಂ ಅನ್ನುತ್ತದೆ. ಆದರೆ ನಾವು ಅಲ್ಲಿಗೆ ಹೋಗುವಷ್ಟರಲ್ಲಿ ಎಲ್ಲಾ ಮುಗಿದಿರುತ್ತದೆ. ನಮ್ಮ ಜೊತೆ ದ್ಯುಪೆ ಇದ್ದಾನೆ, ಶಾಂತವಾಗಿ ಯೋಚಿಸುವ ಮನುಷ್ಯ, ಪೇಪರ್ ಓದುತ್ತಾನೆ, ಕಿಟಕಿಯ ಮೊಳೆ ನೋಡುತ್ತಾನೆ, ಒಂದೊಂದೇ ಗಂಟು ಬಿಚ್ಚುತ್ತಾನೆ. 1843ರಲ್ಲಿ ಅದೇ ಪೋ ಇನ್ನೊಂದು ಕಥೆ ಬರೆದ. ಅದರಲ್ಲೂ ಒಂದು ಕೊಲೆ, ಸತ್ತವನು ಒಬ್ಬ ಮುದುಕ. ಆದರೆ ಈ ಸಲ ನಾವು ಕೊಂದವನ ತಲೆಯೊಳಗೇ ಇರುತ್ತೇವೆ, ನೆಲದ ಹಲಗೆ ಕೆಳಗಿಂದ ಸತ್ತವನ ಎದೆ ಬಡಿತ ಅವನಿಗೆ ಕೇಳಿಸುತ್ತಾ ಹೋದ ಹಾಗೆ ನಮಗೂ ಕೇಳಿಸುತ್ತದೆ, ಹೊರಗೆ ಬರೋಕೆ ದಾರಿಯೇ ಇಲ್ಲ. ದೆವ್ವ ಇಲ್ಲ, ಭೂತ ಇಲ್ಲ. ಆದರೂ ಅದನ್ನು ಹಾರರ್ ಅಂತಲೇ ಓದುತ್ತೇವೆ.

ಕನ್ನಡದಲ್ಲಿ ಎನ್. ನರಸಿಂಹಯ್ಯನವರ 500ಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿಗಳನ್ನು ಒಂದು ತಲೆಮಾರು ಬಾಡಿಗೆ ಲೈಬ್ರರಿಗಳಲ್ಲಿ ಮುಗಿಬಿದ್ದು ಓದಿತು. ಶಾಲೆಗೆ ಹೋಗುವ ಮಕ್ಕಳೂ ಓದಿದರು, ಮನೆಯಲ್ಲಿರುವ ಹೆಂಗಸರೂ ಓದಿದರು. ಕೊಲೆ ಇದೆ, ಕತ್ತಲೆ ಇದೆ, ಆದರೆ ಪತ್ತೇದಾರ ಪುರುಷೋತ್ತಮ ಬಂದ ಅಂದರೆ ಉಸಿರು ಸಲೀಸಾಗುತ್ತದೆ. ಹಳೇ ಪತ್ತೇದಾರಿ ಕಥೆಗಳು ಓದುಗರಿಗೆ ಕೊಟ್ಟ ಮಾತು ಅದು: ಯಾರು ಮಾಡಿದ್ದು ಅಂತ ಗೊತ್ತಾಗೇ ಆಗುತ್ತದೆ. ಇಂಗ್ಲೆಂಡಿನಲ್ಲಿ ರೊನಾಲ್ಡ್ ನಾಕ್ಸ್ ಅನ್ನುವ ಪಾದ್ರಿ 1929ರಲ್ಲಿ ಪತ್ತೇದಾರಿ ಬರೆಯುವವರಿಗೆ ಹತ್ತು ನಿಯಮ ಮಾಡಿದ. ದೆವ್ವ, ಮಾಟ, ಪವಾಡ ಯಾವುದನ್ನೂ ಉತ್ತರವಾಗಿ ಕೊಡಬಾರದು ಅನ್ನುವುದು ಅದರಲ್ಲಿ ಒಂದು. ಹೆದರುವ ಓದುಗರಿಗೆ ಇದಕ್ಕಿಂತ ಒಳ್ಳೇ ಭರವಸೆ ಬೇಕಾ?

ಹಾರರ್ ಇಂಥ ಮಾತು ಕೊಡುವುದಿಲ್ಲ. ಅಲ್ಲಿ ನಾವು ಸಿಕ್ಕಿಹಾಕಿಕೊಳ್ಳಲಿರುವವರ ಜೊತೆ ಇರುತ್ತೇವೆ, ಅದೂ ಎಲ್ಲಾ ನಡೆಯುವುದಕ್ಕೆ ಮೊದಲೇ. ಬಾವಿ ಕಟ್ಟೆ ಹತ್ತಿರ ನಾಯಿ ಸುಮ್ನೆ ಬೊಗಳುತ್ತದೆ. ಹಾಕಿದ ಬಾಗಿಲು ತೆರೆದಿರುತ್ತದೆ. ಮಗು ಯಾರ ಜೊತೆಗೋ ಮಾತಾಡುತ್ತಿರುತ್ತದೆ. ಕೊನೇ ಪುಟ ಮುಗಿದ ಮೇಲೂ ಅದು ಪೂರ್ತಿ ಹೋಯಿತಾ ಇಲ್ವಾ ಅನ್ನುವ ಅನುಮಾನ ಉಳಿಯುತ್ತದೆ, ಎಷ್ಟೋ ಲೇಖಕರು ಬೇಕಂತಲೇ ಉಳಿಸುತ್ತಾರೆ. ತೆಲುಗಿನಿಂದ ಬಂದ "ತುಳಸಿದಳ"ವನ್ನು ನಾನು ಹೈಸ್ಕೂಲಿನಲ್ಲಿ ಓದಿದೆ. ಪುಟ್ಟ ಹುಡುಗಿಗೆ ಮಾಟ ಮಾಡಿಸುವ ಕಥೆ. ಅದನ್ನು ಓದಿದ ವಾರ ಹಿತ್ತಲಿನ ಬಚ್ಚಲಿಗೆ ಅಮ್ಮನನ್ನು ಬಿಟ್ಟು ಹೋಗುತ್ತಿರಲಿಲ್ಲ. ಈಗಲೂ ಯಾರಾದರೂ ಆ ಪುಸ್ತಕ ಕೇಳಿದರೆ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರಾ ಅಂತ ಒಂದು ಮಾತು ಕೇಳಿಯೇ ಕೊಡುತ್ತೇನೆ.

ಇಷ್ಟು ಕೇಳಿದರೆ ಆ ಹಳೇ ಸಲಹೆಯೇ ಸರಿ ಅನ್ನಿಸುತ್ತದೆ ಅಲ್ವಾ? ತೊಂದರೆ ಇರುವುದು ಈಗಿನ ಥ್ರಿಲ್ಲರ್‌ಗಳಲ್ಲಿ. ಬಹಳಷ್ಟರಲ್ಲಿ ಪತ್ತೇದಾರ ನಮ್ಮ ಕೈ ಬಿಟ್ಟಿದ್ದಾನೆ. ಒಂದು ಅಧ್ಯಾಯ ಕೊಲೆಗಾರನದು, ಮುಂದಿನದು ಅವನ ಕಣ್ಣು ಬಿದ್ದಿರುವ ಹೆಂಗಸಿನದು. ಆ ಹುಡುಗಿ ವಾಪಸ್ ತಂದ ಪುಸ್ತಕವನ್ನು ಅವತ್ತೇ ಸಂಜೆ ತಿರುವಿ ನೋಡಿದೆ. ಒಬ್ಬಳೇ ಇರುವ ಹೆಣ್ಣು, ಮೂರನೇ ಮಹಡಿ, ಯಾರ ಹತ್ತಿರವೋ ಇರುವ ಇನ್ನೊಂದು ಬೀಗದ ಕೈ. ಅವಳು ಟಿಕೆಟ್ ಇಟ್ಟಿದ್ದ ಪುಟದಲ್ಲಿ ಆ ಬೀಗದ ಕೈ ತಿರುಗುತ್ತದೆ! ಹೆಸರಿಗೆ ಕ್ರೈಂ, ಆದರೆ ಅವಳ ಪಾಲಿಗೆ ಅದು ಹಾರರ್‌ಗಿಂತ ಹೆಚ್ಚು. ದೆವ್ವ ಇದೆಯೋ ಇಲ್ವೋ, ಬಾಡಿಗೆ ಮನೆಗೆ ಇನ್ನೊಂದು ಬೀಗದ ಕೈ ಅಂತೂ ಇದ್ದೇ ಇರುತ್ತದೆ.

ಅವಳಿಗೆ ನಾನು ಹಳ್ಳಿಮನೆಯ ಒಂದು ಹಳೇ ದೆವ್ವದ ಕಥೆ ಕೊಟ್ಟೆ. ಸ್ವಲ್ಪ ಅನುಮಾನ ಪಡುತ್ತಲೇ ತೆಗೆದುಕೊಂಡು ಹೋದಳು. ಎರಡು ವಾರ ಬಿಟ್ಟು ಬಂದಾಗ ಟಿಕೆಟ್ ಕೊನೇ ಪುಟದಲ್ಲಿತ್ತು. "ಮೈ ಜುಂ ಅಂತು ಮೇಡಂ, ಆದ್ರೆ ಲೈಟ್ ಆರಿಸಿದ ಮೇಲೆ ನಿದ್ದೆ ಬಂತು" ಅಂದಳು.

ಇದಕ್ಕೆ ಪೂರ್ತಿ ಉಲ್ಟಾ ಇರುವವರೂ ಇದ್ದಾರೆ. ನಮ್ಮಲ್ಲಿಗೆ ಬರುವ ಒಬ್ಬರು ರಿಟೈರ್ಡ್ ಮೇಷ್ಟ್ರು ವಾರಕ್ಕೆ ಎರಡು ಕೊಲೆ ಕಥೆ ಓದುತ್ತಾರೆ. ದೆವ್ವದ ಕಥೆ ಕೊಡಲಾ ಸರ್ ಅಂದರೆ, "ಬೇಡಮ್ಮಾ, ಬೇಡ" ಅಂತ ಕೈಯಲ್ಲೇ ತಳ್ಳಿಬಿಡುತ್ತಾರೆ. ಚಿಕ್ಕವರಿದ್ದಾಗ ಅಪ್ಪನ ಜೊತೆ ಗದ್ದೆಗೆ ನೀರು ಬಿಡಲು ಹೋಗಿದ್ದಾಗ ದೂರದಲ್ಲಿ ಕೊಳ್ಳಿದೆವ್ವ ನೋಡಿದ್ದರಂತೆ. ಅದು ಏನು ಅಂತ ಆಮೇಲೆ ವಿಜ್ಞಾನದ ಪುಸ್ತಕದಲ್ಲಿ ಓದಿದರು, ಮಕ್ಕಳಿಗೆ ಪಾಠವನ್ನೂ ಮಾಡಿದರು. ಆದರೆ ಹೆದರಿಕೆ ಹೋಗಲಿಲ್ಲ. 1990ರ ದಶಕದಲ್ಲಿ ಬೆಂಗಳೂರಿನಲ್ಲಿ ದೆವ್ವ ಒಳಗೆ ಬರದಿರಲಿ ಅಂತ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆದಿದ್ದು ನೆನಪಿರುವವರಿಗೆ ಇದು ಅರ್ಥವಾಗುತ್ತದೆ. ನಂಬಿಕೆ ಇಲ್ಲದವರ ಮನೆ ಬಾಗಿಲಲ್ಲೂ ಆ ಬರಹ ಇತ್ತು. ಮೇಷ್ಟ್ರಿಗೆ ನಾನು ಆಗಾಗ ಎಚ್ಚರಿಕೆಯಿಂದ ಕೊಡುವುದು ಕಾನನ್ ಡಾಯ್ಲ್‌ನ 1902ರ ಬಾಸ್ಕರ್‌ವಿಲ್ ನಾಯಿಯ ಕಥೆಯಂಥವು. ಅರ್ಧ ಪುಸ್ತಕ ಪಿಶಾಚಿ ನಾಯಿ ಅಂತಲೇ ನಡುಗಿಸಿ, ಕೊನೆಗೆ ಪತ್ತೇದಾರ ಹೋಮ್ಸ್‌ನ ಗೆಳೆಯ ವಾಟ್ಸನ್ ಆ ನಾಯಿಯ ಬಾಯಿ ಮುಟ್ಟಿ ಹಚ್ಚಿದ್ದ ರಂಜಕವನ್ನು ತೋರಿಸುತ್ತಾನೆ. ಆ ಪುಸ್ತಕ ವಾಪಸ್ ಕೊಡುವಾಗ ಮೇಷ್ಟ್ರ ಮುಖದಲ್ಲಿ ಏನೋ ಒಂದು ನೆಮ್ಮದಿ ಇತ್ತು.

ಇನ್ನೊಂದು ಗೊಂದಲ ಬಗೆಹರಿಸಬೇಕು. ಹೆದರಿಕೆ ಬೇರೆ, ಹೇಸಿಗೆ ಬೇರೆ. ನಾಟ್ಯಶಾಸ್ತ್ರದಲ್ಲಿ ಭರತ ಇವೆರಡನ್ನೂ ಬೇರೆ ಬೇರೆ ರಸ ಮಾಡಿಟ್ಟ, ಭಯಾನಕಕ್ಕೆ ಭಯ, ಬೀಭತ್ಸಕ್ಕೆ ಜುಗುಪ್ಸೆ. ಹಾರರ್ ತಡೆಯಲ್ಲ ಅಂತ ಬರುವ ಎಷ್ಟೋ ಜನರಿಗೆ ನಿಜವಾಗಿ ತಡೆಯದಿರುವುದು ರಕ್ತ, ಗಾಯ, ಪೋಸ್ಟ್‌ಮಾರ್ಟಂ ಟೇಬಲ್. ಅಂಥವರು ಸರಣಿ ಕೊಲೆಗಾರನ ಥ್ರಿಲ್ಲರ್ ತೆಗೆದುಕೊಂಡು ಹೋದರೆ ಊಟ ಸೇರುವುದಿಲ್ಲ. ಒಂದು ಹನಿ ರಕ್ತ ಇಲ್ಲದ, ಬರೀ ಹೆಜ್ಜೆ ಸಪ್ಪಳದ ದೆವ್ವದ ಕಥೆಯನ್ನು ಆರಾಮಾಗಿ ಓದುತ್ತಾರೆ. ಹಾಗಾಗಿ "ಹೆದರಿಕೆ ಆಗುತ್ತೆ" ಅಂತ ಯಾರಾದರೂ ಅಂದಾಗ ನಾನು ಮೊದಲು ಕೇಳುವುದು, ಹೋದ ಸಲ ಯಾವ ಪುಟದಲ್ಲಿ ಪುಸ್ತಕ ಮುಚ್ಚಿದಿರಿ, ಅಲ್ಲಿ ಏನು ನಡೀತಾ ಇತ್ತು? ಉತ್ತರ ಅಲ್ಲೇ ಸಿಗುತ್ತದೆ.

ಓದುವ ರೀತಿಯಲ್ಲೂ ಒಂದೆರಡು ಉಪಾಯ ಇವೆ. ಕೊನೇ ಪುಟ ಮೊದಲೇ ಓದಿಬಿಡಿ, ಸಂಕೋಚ ಬೇಡ. 2011ರಲ್ಲಿ ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇಬ್ಬರು ಮನಶ್ಶಾಸ್ತ್ರಜ್ಞರು ಸಣ್ಣ ಕಥೆಗಳ ಕೊನೆಯನ್ನು ಮೊದಲೇ ಹೇಳಿ ಓದಿಸಿ ನೋಡಿದರು. ಪತ್ತೇದಾರಿ ಕಥೆಗಳೂ ಅದರಲ್ಲಿದ್ದವು. ಕೊನೆ ಗೊತ್ತಿದ್ದವರು ಕಥೆಯನ್ನು ಸರಾಸರಿಯಲ್ಲಿ ಸ್ವಲ್ಪ ಜಾಸ್ತಿಯೇ ಮೆಚ್ಚಿಕೊಂಡರು. ನಮ್ಮ ಪತ್ತೇದಾರಿ ಪುಸ್ತಕಗಳನ್ನೇ ನೋಡಿ, ಕೊನೇ ಹಾಳೆಯ ಮೂಲೆ ಎಲ್ಲಕ್ಕಿಂತ ಮೊದಲು ಮಾಸುತ್ತದೆ. ಮತ್ತೆ, ಅಧ್ಯಾಯ ಮುಗಿದ ಕಡೆ ನಿಲ್ಲಿಸಬೇಡಿ. ಥ್ರಿಲ್ಲರ್ ಬರೆಯುವವರು ನಮ್ಮನ್ನು ನೇತಾಡಿಸಿ ಬಿಡುವುದೇ ಅಲ್ಲಿ. ಮುಂದಿನ ಅಧ್ಯಾಯದ ಎರಡು ಪುಟ ಓದಿ, ಯಾರೋ ಕಾಫಿ ಮಾಡಿಕೊಳ್ಳುವ ಜಾಗ ಬಂದ ಮೇಲೆ ಮುಚ್ಚಿ. ಆಡಿಯೋ ಕಥೆ ಈಗ ತುಂಬಾ ಜನ ಕೇಳುತ್ತಾರೆ, ಆದರೆ ಹೆದರುವವರಿಗೆ ಪುಸ್ತಕವೇ ವಾಸಿ ಅಂತ ನನ್ನ ಅನುಭವ. ಕಣ್ಣು ಎರಡು ಸಾಲು ಹಾರಿಸಬಲ್ಲದು, ಕಿವಿಗೆ ಅದು ಆಗುವುದಿಲ್ಲ.

ಒಂದು ಮಾತು ಗಂಭೀರವಾಗಿ ಹೇಳುತ್ತೇನೆ. ಪುಸ್ತಕ ಮುಚ್ಚಿ ವಾರಗಳಾದರೂ ನಿದ್ದೆ ಬರುತ್ತಿಲ್ಲ, ಎದೆ ಸುಮ್ನೆ ಸುಮ್ನೆ ಹೊಡೆದುಕೊಳ್ಳುತ್ತದೆ ಅಂದರೆ ಅದು ಕಾದಂಬರಿ ಬದಲಾಯಿಸಿದರೆ ಸರಿಹೋಗುವ ವಿಷಯ ಅಲ್ಲ. ಡಾಕ್ಟರಿಗೆ ತೋರಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೂ ಆಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಆ ಹುಡುಗಿ ಮೊನ್ನೆ ಮತ್ತೆ ಬಂದಿದ್ದಳು. ಈಗ ಅವಳ ತಂಗಿಯೂ ಜೊತೆಗಿದ್ದಾಳಂತೆ, ಮನೆ ಬದಲಾಯಿಸಿದ್ದಾರೆ. 112ನೇ ಪುಟಕ್ಕೆ ನಿಲ್ಲಿಸಿದ್ದ ಆ ಥ್ರಿಲ್ಲರ್ ಇದೆಯಾ ಮೇಡಂ ಅಂದಳು. ತೆಗೆದುಕೊಟ್ಟೆ. ನಿಂತಲ್ಲೇ ಹಿಂದಿನಿಂದ ತೆರೆದು, ಕೊನೇ ಪುಟ ಓದಿ, "ಹೋ, ಬದುಕ್ತಾಳೆ" ಅಂದು ತಾರೀಕಿನ ಸೀಲ್ ಹಾಕಿಸಲು ನನ್ನ ಕೈಗೆ ಕೊಟ್ಟಳು.