ನಕ್ಷೆಯ ಚುಕ್ಕೆ ಇರುವಲ್ಲೇ ಮೀನು ಇರಬೇಕಿಲ್ಲ

ನದಿಗಳ ಬಗ್ಗೆ ನಡೆಯುವ ಸಭೆಗಳಲ್ಲಿ ಈಗ ಒಂದು ಬಗೆಯ ನಕ್ಷೆ ಜಾಸ್ತಿ ಕಾಣಿಸುತ್ತಿದೆ. ನೀರಿನಲ್ಲಿ ಒಂದು ಜೀವಿಯ ಡಿಎನ್‌ಎ ಸಿಕ್ಕ ಕಡೆ ಕೆಂಪು ಚುಕ್ಕೆ, ಸಿಗದ ಕಡೆ ಹಸಿರು ಚುಕ್ಕೆ. ಆಮೇಲೆ ಯಾರೋ ಕೆಂಪು ಚುಕ್ಕೆ ಇದ್ದಲ್ಲಿ ಬಲೆ ಬಿಡಲು ಹೊರಡುತ್ತಾರೆ. ನನ್ನ ತಕರಾರು ಇರುವುದೇ ಅಲ್ಲಿ.

ಮೀನು, ಕಪ್ಪೆ, ಸೀಗಡಿಗಳು ಲೋಳೆ, ಚರ್ಮದ ಕಣ, ಹಿಕ್ಕೆಯನ್ನು ನೀರಿಗೆ ಬಿಡುತ್ತಲೇ ಇರುತ್ತವೆ. ಅದರಲ್ಲಿರುವ ಡಿಎನ್‌ಎಗೆ ಇ-ಡಿಎನ್‌ಎ, ಅಂದರೆ ಪರಿಸರದಲ್ಲಿ ಸಿಗುವ ಡಿಎನ್‌ಎ, ಅನ್ನುತ್ತೇವೆ. ಒಂದೆರಡು ಲೀಟರ್ ನೀರನ್ನು ತೀರಾ ಸಣ್ಣ ರಂಧ್ರದ ಫಿಲ್ಟರ್‌ನಲ್ಲಿ ಸೋಸಿ, ಅದನ್ನು ಲ್ಯಾಬ್‌ಗೆ ಕಳಿಸುತ್ತೇವೆ. ಜೀವಿಯನ್ನು ಹಿಡಿಯುವ ಗೋಜೇ ಇಲ್ಲ. ಫ್ರಾನ್ಸಿನ ಹೊಂಡಗಳಲ್ಲಿ ಅಮೆರಿಕದ ಬುಲ್‌ಫ್ರಾಗ್ ಕಪ್ಪೆ ಸೇರಿಕೊಂಡಿರುವುದನ್ನು ಹೀಗೆ ಪತ್ತೆ ಮಾಡಿದ ಅಧ್ಯಯನ 2008ರಲ್ಲಿ ಬಂತು. ಇಂಗ್ಲೆಂಡಿನಲ್ಲಿ ಗ್ರೇಟ್ ಕ್ರೆಸ್ಟೆಡ್ ನ್ಯೂಟ್ (ಕಪ್ಪೆಯಂತೆ ನೀರು-ನೆಲ ಎರಡರಲ್ಲೂ ಬದುಕುವ, ಬಾಲವಿರುವ ಜೀವಿ) ಇದೆಯೋ ಇಲ್ಲವೋ ಅನ್ನುವುದಕ್ಕೆ 2014ರಿಂದ ಕೊಳದ ನೀರಿನ ಪರೀಕ್ಷೆಯನ್ನೂ ಒಪ್ಪುತ್ತಾರೆ.

ಆದರೆ ಇವೆರಡೂ ನಿಂತ ನೀರಿನ ಕಥೆ, ಅಲ್ವಾ?

ಹರಿಯುವ ನೀರಿನಲ್ಲಿ ಡಿಎನ್‌ಎಯೂ ಹರಿಯುತ್ತದೆ. ಕೆಲವು ನೂರು ಮೀಟರ್ ಹೋಗಬಹುದು, ಹಲವು ಕಿಲೋಮೀಟರ್ ಕೂಡ ಹೋಗಬಹುದು. ಬಿಸಿಲು, ಶಾಖ, ಸೂಕ್ಷ್ಮಜೀವಿಗಳು ಅದನ್ನು ಕೆಲವು ದಿನಗಳಲ್ಲೋ ವಾರಗಳಲ್ಲೋ ಕರಗಿಸುತ್ತವೆ. ಹಾಗಾಗಿ ಇಲ್ಲಿ 'ಸಿಕ್ಕಿತು' ಅಂದರೆ 'ಮೇಲೆ ಎಲ್ಲೋ ಇದೆ' ಅಂತಲೇ ಓದಬೇಕು. ಚುಕ್ಕೆ ಹಾಕುವ ಬದಲು ಹೊಳೆಯ ಒಂದು ಉದ್ದಕ್ಕೆ ಬಣ್ಣ ಹಚ್ಚಬೇಕು.

ಅದಕ್ಕೆ ಜಿಐಎಸ್, ಅಂದರೆ ಕಂಪ್ಯೂಟರಿನಲ್ಲಿ ನಕ್ಷೆ ಮಾಡಿ ಅಳೆಯುವ ತಂತ್ರಾಂಶ, ಬೇಕು. ಮೊದಲು ನೆಲದ ಎತ್ತರದ ಮಾಹಿತಿಯಿಂದ ನೀರು ಹರಿಯುವ ಗೆರೆಗಳನ್ನು ಎಳೆಯುತ್ತೇವೆ. ದೂರವನ್ನು ಆ ಗೆರೆಯ ಮೇಲೆಯೇ ಅಳೆಯಬೇಕು. ನಕ್ಷೆಯಲ್ಲಿ ಒಂದರ ಪಕ್ಕ ಒಂದು ಕಾಣುವ ಎರಡು ಹಳ್ಳಗಳು ಸೇರುವುದು ಎಷ್ಟೋ ಕೆಳಗೆ ಇರಬಹುದು. ಒಂದರ ಡಿಎನ್‌ಎ ಇನ್ನೊಂದಕ್ಕೆ ಬರುವುದು ಹೇಗೆ? ಸ್ಯಾಂಪಲ್ ಜಾಗಗಳನ್ನು ನಾನು ಸಂಗಮಗಳನ್ನು ನೋಡಿ ಆರಿಸುತ್ತೇನೆ. ಸಂಗಮದ ಕೆಳಗೆ ಸಿಕ್ಕರೆ ಮೇಲಿನ ಎರಡೂ ಕವಲುಗಳಲ್ಲಿ ಬೇರೆ ಬೇರೆ ಸ್ಯಾಂಪಲ್. ಸಿಕ್ಕ ಕವಲನ್ನು ಹಿಡಿದು ಮತ್ತೆ ಮೇಲಕ್ಕೆ. ಅಣೆಕಟ್ಟೆ, ರಸ್ತೆಯಡಿಯ ಮೋರಿಗಳನ್ನೂ ಗುರುತಿಸುವುದು ಮುಖ್ಯ. ಮೀನಿಗೆ ಅವನ್ನು ಹತ್ತಲು ಆಗದೇ ಇರಬಹುದು, ಡಿಎನ್‌ಎ ಮಾತ್ರ ಆರಾಮಾಗಿ ಕೆಳಗೆ ಬರುತ್ತದೆ.

ಮಳೆ ಸುರಿದ ಮರುದಿನ ಸ್ಯಾಂಪಲ್ ತೆಗೆಯುವುದು ನನಗೆ ಇಷ್ಟವಿಲ್ಲ. ನೀರು ಹೆಚ್ಚಾಗಿ ಡಿಎನ್‌ಎ ತೆಳುವಾಗುತ್ತದೆ, ಕೆಸರಿಗೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಆಗ 'ಸಿಗಲಿಲ್ಲ' ಅನ್ನುವ ಮಾತಿಗೆ ಬೆಲೆ ಕಡಿಮೆ.

ಸಿಕ್ಕರೂ ಜೀವಿ ಅಲ್ಲೇ ಬದುಕಿದೆ ಅಂತ ಹೇಳಲಾಗದು. ಹಕ್ಕಿಯ ಹಿಕ್ಕೆ, ದೋಣಿ, ಬಲೆ, ಊಟದ ಮೀನಿನ ಅಂಶವಿರುವ ಚರಂಡಿ ನೀರು, ಯಾವುದರಿಂದಲೂ ಬರಬಹುದು. ಶಿಕಾಗೋ ಬಳಿಯ ಕಾಲುವೆಗಳಲ್ಲಿ ಏಷ್ಯನ್ ಕಾರ್ಪ್ ಮೀನುಗಳನ್ನು ತಡೆಯಲು ವಿದ್ಯುತ್ ಬೇಲಿ ಇದೆ. ಅದರಾಚೆ ಅವುಗಳ ಡಿಎನ್‌ಎ ಸಿಕ್ಕಾಗ ಇದೇ ವಾದ ಎದ್ದಿತ್ತು. ಹೊರಗಿನಿಂದ ನುಗ್ಗುವ ಜೀವಿಯಾದರೆ ಮಸುಕಾದ ಒಂದು ಸುಳಿವು ಸಿಕ್ಕರೂ ಹೋಗಿ ನೋಡಿ ಅನ್ನುತ್ತೇನೆ. ಹೋಗಿ ನೋಡುವುದಕ್ಕೆ ಮಾತ್ರ, ಆ ಹೊಳೆಗೆ ವಿಷ ಹಾಕುವುದಕ್ಕಲ್ಲ.

ಸ್ಯಾಂಪಲ್ ತೆಗೆಯುವವರು ಕೆಳಗಿನಿಂದ ಶುರುಮಾಡಿ ಮೇಲಕ್ಕೆ ಹೋಗಿ. ಇಲ್ಲವಾದರೆ ನಿಮ್ಮ ಬೂಟಿನ ಕೆಸರೇ ಮುಂದಿನ ಸ್ಯಾಂಪಲ್‌ಗೆ ಸೇರುತ್ತದೆ. ಜೊತೆಗೆ ಒಂದು ಬಾಟಲಿ ಶುದ್ಧ ನೀರು ಒಯ್ದು, ಅಲ್ಲೇ ಅದನ್ನೂ ಸೋಸಿ ಕಳಿಸಿ. ಅದರಲ್ಲೂ ಅದೇ ಮೀನಿನ ಡಿಎನ್‌ಎ ಬಂದರೆ, ಆ ದಿನದ ಕೆಂಪು ಗೆರೆಗಳನ್ನು ನಕ್ಷೆಯಿಂದ ಅಳಿಸಿಬಿಡಿ.