ಕಣದ ಅಂಚಿನ ತೂತುಗಳಿಗೆ ಸೀಮೆಎಣ್ಣೆ ಸುರಿಯಬೇಕೆ?

ಪ್ರಶ್ನೆ: ಸೋಮವಾರಪೇಟೆ ಹತ್ತಿರ ನಮ್ಮ ಕಾಫಿ ತೋಟ. ಕಣದ ಅಂಚಿನ ಮಣ್ಣಿನಲ್ಲಿ ಪೆನ್ಸಿಲ್ ತೂರುವಷ್ಟು ಅಗಲದ ಏಳೆಂಟು ತೂತುಗಳಾಗಿವೆ. ಸಪೂರ ಸೊಂಟದ ಕರಿ ಕಡಜಗಳು ಮಿಡತೆ ಎಳೆದುಕೊಂಡು ಒಳಗೆ ಹೋಗುತ್ತವೆ. ಮಕ್ಕಳು ಅಲ್ಲೇ ಆಡುತ್ತಾರೆ. ಸೀಮೆಎಣ್ಣೆ ಸುರಿಯಲೇ?

ಉತ್ತರ: ಬೇಡ. ಸೀಮೆಎಣ್ಣೆ ಮಣ್ಣು ಕೆಡಿಸುತ್ತದೆ, ಒಣಗಲು ಹಾಕಿದ ಕಾಫಿಗೂ ಅದರ ವಾಸನೆ ಬೇಗ ಹಿಡಿಯುತ್ತದೆ. ನೀವು ಹೇಳುವ ಲಕ್ಷಣ ನೋಡಿದರೆ ಇವು ನೆಲ ಕೊರೆಯುವ ಒಂಟಿ ಕಡಜಗಳು, ಬಹುಶಃ ಸ್ಫೆಕ್ಸ್ ಕುಲದವು.

ಆದರೂ ಖಾತ್ರಿ ಮಾಡಿಕೊಳ್ಳಿ. ದೂರದಲ್ಲಿ ನಿಂತು ಕಾಲು ಗಂಟೆ ಒಂದೇ ತೂತನ್ನು ಗಮನಿಸಿ. ಒಂದರ ಹಿಂದೊಂದು ಹಲವು ಕಡಜಗಳು ಅದರಲ್ಲೇ ಹೋಗಿ ಬರುತ್ತಿದ್ದರೆ ಅದು ಗುಂಪಿನ ಗೂಡು. ಹೊಟ್ಟೆಯ ಮೇಲೆ ಹಳದಿ ಪಟ್ಟೆಯಿರುವ ದೊಡ್ಡ ಕಡಜ ನೆಲದೊಳಗೂ ಗೂಡು ಕಟ್ಟುತ್ತದೆ. ಅದರ ಹತ್ತಿರ ಯಾರೂ ಸುಳಿಯಬಾರದು. ತೂತಿಗೆ ಒಂದೇ ಕಡಜ, ಪಕ್ಕದಲ್ಲಿ ಕೆದರಿದ ಪುಡಿಮಣ್ಣು ಕಂಡರೆ ಅದು ಒಂಟಿಯದು.

ಗುಂಪಿನವು ಮೈಮೇಲೆ ಎರಗುವುದು ಗೂಡು ಕಾಯಲು. ಒಂಟಿ ಕಡಜಗಳಲ್ಲಿ ರಾಣಿಯಿಲ್ಲ, ಕೆಲಸಗಾರರಿಲ್ಲ. ಕೊರೆಯುವುದು, ಬೇಟೆ, ಮೊಟ್ಟೆ ಎಲ್ಲ ಒಬ್ಬಳೇ ತಾಯಿಯ ಪಾಲು, ಅವಳ ಕೊಂಡಿ ಇರುವುದು ಬೇಟೆಗೆ. ಗಂಡಿಗೆ ಕೊಂಡಿಯೇ ಇಲ್ಲ.

ಬಿಸಿಲೇರಿದ ಮೇಲೆ ಮಕ್ಕಳನ್ನೂ ಕೂರಿಸಿಕೊಂಡು ನೋಡಿ. ಚುಚ್ಚಿ ಬೀಳಿಸಿದ ಮಿಡತೆಯ ಮೀಸೆಯನ್ನೇ ಮೂಗುದಾರದಂತೆ ಕಚ್ಚಿ ಹಿಡಿದು ಎಳೆದು ತರುತ್ತಾಳೆ. ತೂತಿನ ಬಾಯಲ್ಲಿ ಅದನ್ನು ಬಿಟ್ಟು ತಾನೊಬ್ಬಳೇ ಒಳಗಿಳಿದು ನೋಡುತ್ತಾಳೆ. ಆಮೇಲೆ ತಲೆ ಹೊರಹಾಕಿ, ಮತ್ತೆ ಮೀಸೆ ಹಿಡಿದು ಒಳಕ್ಕೆಳೆಯುತ್ತಾಳೆ. ಮಿಡತೆ ಸತ್ತಿರುವುದಿಲ್ಲ, ಮೈ ಮರಗಟ್ಟಿರುತ್ತದೆ. ಸತ್ತಿದ್ದರೆ ಮರಿ ತಿನ್ನುವ ಮೊದಲೇ ಕೊಳೆಯುತ್ತಿತ್ತು. ಅದರ ಮೈಗೆ ಮೊಟ್ಟೆ ಅಂಟಿಸಿ, ಕೊನೆಗೆ ತೂತು ಮುಚ್ಚಿ ಹೊರಡುತ್ತಾಳೆ. ಹೊಟ್ಟೆಗೆ ಅವಳಿಗೆ ಹೂವಿನ ಮಕರಂದ ಸಾಕು.

ಆ ಅಂಚಿನಲ್ಲಿರುವ ಬುಟ್ಟಿ, ಕಲ್ಲುಗಳನ್ನು ಮಾತ್ರ ಸರಿಸಬೇಡಿ. ಅವಳು ದಾರಿ ಗುರುತಿಡುವುದು ಸುತ್ತಲಿನ ವಸ್ತುಗಳನ್ನು ನೋಡಿ. 1973ರ ನೊಬೆಲ್ ಪ್ರಶಸ್ತಿ ಹಂಚಿಕೊಂಡ ನಿಕೊ ಟಿನ್‌ಬರ್ಗೆನ್, ಜೇನುನೊಣ ಹಿಡಿಯುವ ಇನ್ನೊಂದು ಒಂಟಿ ಕಡಜದ ತೂತಿನ ಸುತ್ತ ಪೈನ್ ಕಾಯಿಗಳನ್ನು ಉಂಗುರದಂತೆ ಜೋಡಿಸಿ, ಆಮೇಲೆ ಉಂಗುರವನ್ನು ಪಕ್ಕಕ್ಕೆ ಸರಿಸಿದ್ದರು. ತಾಯಿ ಬಂದಿಳಿದದ್ದು ಬರಿ ಉಂಗುರದ ನಡುವೆ, ತೂತಿದ್ದಲ್ಲಿ ಅಲ್ಲ!

ಬರಿಗಾಲಲ್ಲಿ ತುಳಿದರೆ, ಕೈಯಲ್ಲಿ ಹಿಡಿದರೆ ಚುಚ್ಚಬಹುದು. ಕೊಂಡಿ ಚರ್ಮದಲ್ಲಿ ಉಳಿಯುವುದಿಲ್ಲ, ಕೀಳುವ ಗೋಜಿಲ್ಲ. ಸೋಪು ನೀರಲ್ಲಿ ತೊಳೆದು ತಣ್ಣೀರ ಬಟ್ಟೆ ಒತ್ತಿ. ಉಸಿರು ಕಟ್ಟಿದರೆ, ಮುಖ ಊದಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಮಕ್ಕಳಿಗೆ ಅದೇ ಜಾಗ ಬೇಕೇಬೇಕು ಅನ್ನುವುದಾದರೆ, ತಾಯಂದಿರ ಓಡಾಟ ನಿಂತ ಮೇಲೆ ಅಲ್ಲಿ ನಾಲ್ಕು ಬೆರಳು ದಪ್ಪ ತರಗೆಲೆ ಹರಡಿ. ಅವರಿಗೆ ಬೇಕಾದದ್ದು ಬಿಸಿಲು ಬೀಳುವ ಬರಿ ನೆಲ. ಅದು ಸಿಗದಿದ್ದರೆ ಬೇರೆ ಕಡೆ ಕೊರೆಯುತ್ತಾರೆ.