ತೊಂಬತ್ತರ ದಶಕದ ಸ್ಕೇಟ್‌ಬೋರ್ಡ್ ಡೆಕ್‌ಗಳು ಈಗಿನವಕ್ಕಿಂತ ಗಟ್ಟಿಯಾಗಿದ್ದವೇ?

ಪ್ರಶ್ನೆ: ಅಮೆರಿಕದಲ್ಲಿರುವ ನನ್ನ ಮಗ 1992ರ ಒಂದು ಸ್ಕೇಟ್‌ಬೋರ್ಡ್ ಡೆಕ್ಕಿಗೆ ಹೊಸದರ ಹಲವು ಪಟ್ಟು ಬೆಲೆ ಕೊಟ್ಟಿದ್ದಾನೆ. ಕೇಳಿದರೆ, “ಆಗಿನ ಮರವೇ ಬೇರೆ, ಈಗ ಅಂಥದ್ದು ಬರುವುದಿಲ್ಲ” ಎನ್ನುತ್ತಾನೆ. ಇದು ನಿಜವೇ? ಅದನ್ನು ಓಡಿಸಬಹುದೇ?

ಉತ್ತರ: ಮರದ ಮಟ್ಟಿಗೆ ನಿಮ್ಮ ಮಗನ ಮಾತು ನಿಲ್ಲುವುದಿಲ್ಲ. ಆದರೆ ಅವನು ಕೊಟ್ಟ ಹಣ ದಂಡವಾಯಿತೆಂದು ನಾನು ಹೇಳಲಾರೆ. ಇವೆರಡೂ ಹೇಗೆ ಒಟ್ಟಿಗೆ ನಿಜವೆಂದು ತಿಳಿಯಲು ಮೊದಲು ಡೆಕ್ಕಿನ ಅಂಚನ್ನು ನೋಡಬೇಕು.

ಚಕ್ರಗಳನ್ನೂ ಅವುಗಳನ್ನು ಹಿಡಿದಿರುವ ಟ್ರಕ್ಕುಗಳನ್ನೂ ಬಿಚ್ಚಿದ ಮೇಲೆ ಉಳಿಯುವ ಹಲಗೆಯೇ ಡೆಕ್. ಆಗಲೂ ಈಗಲೂ ಅದು ಸಾಮಾನ್ಯವಾಗಿ ಏಳು ಪದರದ ಮೇಪಲ್. ಅಮೆರಿಕ ಮತ್ತು ಕೆನಡಾದ ಮಹಾ ಸರೋವರಗಳ ಸುತ್ತಮುತ್ತ ಬೆಳೆಯುವ ಸಕ್ಕರೆ ಮೇಪಲ್ ಮರವು ಅಲ್ಲಿನ ದೀರ್ಘ ಚಳಿಗಾಲದಿಂದಾಗಿ ನಿಧಾನವಾಗಿ ದಪ್ಪವಾಗುತ್ತದೆ. ಆದ್ದರಿಂದ ಅದರ ಎಳೆ ಒತ್ತಾಗಿರುತ್ತದೆ, ಮರ ನಮ್ಮ ತೇಗಕ್ಕಿಂತಲೂ ಗಡಸಾಗಿರುತ್ತದೆ. ಪೆನ್ಸಿಲ್ ಹೆರೆದಾಗ ಸುರುಳಿ ಬರುವ ಹಾಗೆ ದಿಮ್ಮಿಯನ್ನು ತಿರುಗಿಸುತ್ತ ಸುಮಾರು ಒಂದೂವರೆ ಮಿಲಿಮೀಟರ್ ದಪ್ಪದ ಹಾಳೆಗಳನ್ನು ಸುಲಿಯುತ್ತಾರೆ. ಐದು ಹಾಳೆಗಳ ಎಳೆ ಉದ್ದಕ್ಕೂ ಎರಡರದ್ದು ಅಡ್ಡಕ್ಕೂ ಬರುವಂತೆ ಜೋಡಿಸಿ, ನಡುವೆ ಅಂಟು ಸವರಿ, ಬಾಗಿದ ಅಚ್ಚಿನಲ್ಲಿಟ್ಟು ಒತ್ತುತ್ತಾರೆ. ಉದ್ದದ ಎಳೆ ಹಲಗೆ ಮುರಿಯದಂತೆ ಕಾಯುತ್ತದೆ, ಅಡ್ಡ ಎಳೆ ಉದ್ದಕ್ಕೆ ಸೀಳದಂತೆ ತಡೆಯುತ್ತದೆ. ಈ ಪಾಕ ತೊಂಬತ್ತರ ದಶಕಕ್ಕಿಂತ ಹಿಂದಿನದು, ಇಂದಿಗೂ ಹೆಚ್ಚು ಬದಲಾಗಿಲ್ಲ.

ಹಾಗಾದರೆ ಗುಣಮಟ್ಟದಲ್ಲಿ ವ್ಯತ್ಯಾಸವೇ ಇರಲಿಲ್ಲವೇ? ಇತ್ತು, ಆದರೆ ಅದು ದಶಕದ ಒಳಗೇ ಇತ್ತು. ಒತ್ತುವಾಗ ಒಂದೇ ಅಚ್ಚಿನಲ್ಲಿ ಹಲವು ಡೆಕ್‌ಗಳನ್ನು ಒಂದರ ಮೇಲೊಂದು ಇಡುವುದರಿಂದ, ಒಂದೇ ದಿನ, ಒಂದೇ ಯಂತ್ರದಿಂದ ಬಂದ ಎರಡು ಡೆಕ್‌ಗಳ ಬಾಗು ಕೂಡ ಒಂದೇ ಸಮನಾಗಿರುವುದಿಲ್ಲ. ಅಂಟು ಪೂರ್ತಿ ಒಣಗುವ ಮೊದಲೇ ಕತ್ತರಿಸಿದರೆ ಹಲಗೆ ತಿರುಚಿಕೊಳ್ಳುತ್ತದೆ. ಬ್ರಾಂಡಿನ ಹೆಸರು ಇದಕ್ಕೆ ಖಾತರಿಯಲ್ಲ, ಏಕೆಂದರೆ ಬೇರೆ ಬೇರೆ ಬ್ರಾಂಡುಗಳ ಹಲಗೆ ಒಂದೇ ಕಾರ್ಖಾನೆಯಿಂದ ಬರುತ್ತಿದ್ದದ್ದು ಸಾಮಾನ್ಯ ಸಂಗತಿ. ಕ್ಯಾಲಿಫೋರ್ನಿಯಾದ ಪಾಲ್ ಶ್ಮಿಟ್ ಅವರ ಪಿಎಸ್ ಸ್ಟಿಕ್ಸ್ ಅಂಥದ್ದೊಂದು ಕಾರ್ಖಾನೆ. ಮುಂದೆ ಉತ್ಪಾದನೆಯ ಬಹುಪಾಲು ಮೆಕ್ಸಿಕೊ ಮತ್ತು ಚೀನಾಗಳಿಗೆ ಹೋದದ್ದರಿಂದ ಗಟ್ಟಿತನವೂ ಹೋಯಿತೆಂದು ನಂಬುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಊರಿಗಿಂತ ಅಂಟು, ಮರದೊಳಗಿನ ತೇವ ಮತ್ತು ಒಣಗಲು ಕೊಟ್ಟ ಕಾಲ ಇವೇ ಮುಖ್ಯ. ಇವು ಎಲ್ಲಿಯಾದರೂ ಸರಿಯಾಗಬಹುದು, ಎಲ್ಲಿಯಾದರೂ ಕೆಡಬಹುದು.

ಇನ್ನು ಆಕಾರ. ಎಂಬತ್ತರ ದಶಕದ ಡೆಕ್ ಸುಮಾರು 10 ಅಂಗುಲ ಅಗಲದ, ಹಿಂದುಗಡೆ ಮಾತ್ರ ಚೆನ್ನಾಗಿ ಮೇಲೆದ್ದ, ಮೀನಿನಂಥ ಹಲಗೆಯಾಗಿತ್ತು. ದೊಡ್ಡ ರ‍್ಯಾಂಪುಗಳ ಕಾಲ ಮುಗಿದು ಹುಡುಗರು ಬೀದಿಯ ಮೆಟ್ಟಿಲು, ಕಟ್ಟೆ, ಕಂಬಿಗಳ ಕಡೆ ತಿರುಗಿದಾಗ, ಹಲಗೆಯನ್ನು ಕಾಲಡಿಯಲ್ಲೇ ತಿರುಗಿಸಿ ಮತ್ತೆ ಹಿಡಿಯುವ ವರಸೆಗಳು ಹೆಚ್ಚಾದವು. ಅವಕ್ಕೆ ಹಗುರವಾದ, ಎರಡೂ ತುದಿ ಮೇಲೆದ್ದ ಹಲಗೆ ಬೇಕಾಯಿತು. 1989ರಲ್ಲಿ ವರ್ಲ್ಡ್ ಇಂಡಸ್ಟ್ರೀಸ್ ಎಂಬ ಡೆಕ್ ಕಂಪನಿ ಆಟಗಾರ ಮೈಕ್ ವಲೆಲಿ ಅವರ ಹೆಸರಿನಲ್ಲಿ ತಂದ, ಕೊಟ್ಟಿಗೆಯ ಪ್ರಾಣಿಗಳ ಚಿತ್ರವಿದ್ದ ಡೆಕ್ ಈ ತಿರುವಿನ ಮೊದಲ ಗುರುತುಗಳಲ್ಲಿ ಒಂದು. ಮೂರು ನಾಲ್ಕು ವರ್ಷಗಳಲ್ಲಿ ಮೂತಿ ಯಾವುದು, ಬಾಲ ಯಾವುದು ಎಂದು ದೂರದಿಂದ ಹೇಳಲಾಗದ, ಐಸ್‌ಕ್ಯಾಂಡಿ ಕಡ್ಡಿಯಂಥ ಆಕಾರವೇ ಎಲ್ಲೆಡೆ ನಿಂತಿತು. ಇಂದಿನ ಮಕ್ಕಳು ಓಡಿಸುವುದೂ ಅದನ್ನೇ. ಆದರೆ ಆ ಆರಂಭದ ಉತ್ಸಾಹದಲ್ಲಿ ಅತಿರೇಕವೂ ಆಯಿತು. ಅಗಲ ಏಳೂವರೆ ಅಂಗುಲಕ್ಕೂ ಅದಕ್ಕಿಂತ ಕೆಳಕ್ಕೂ ಇಳಿಯಿತು, ಚಕ್ರಗಳು 40 ಮಿಲಿಮೀಟರಿನ ಆಸುಪಾಸಿಗೆ ಬಂದು ಸಣ್ಣ ಕಲ್ಲು ಅಡ್ಡ ಬಂದರೂ ಗಕ್ಕನೆ ನಿಲ್ಲುತ್ತಿದ್ದವು. ನುಣ್ಣಗೆ ಜಾರಲೆಂದು ಕೆಲವು ಡೆಕ್‌ಗಳ ಅಡಿಗೆ ಒಂದು ಮರದ ಪದರದ ಬದಲು ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದೂ ಉಂಟು. 1992ರ ಡೆಕ್ಕನ್ನು ಅತ್ಯುತ್ತಮ ಸವಾರಿಯ ಹಲಗೆ ಎನ್ನಲು ನನಗೆ ಮನಸ್ಸು ಬಾರದಿರುವುದು ಈ ಕಾರಣಕ್ಕೆ.

ಮೋಹ ಇರುವುದು ಅಡಿಭಾಗದಲ್ಲಿ. ಇದನ್ನು ಬರೆಯುವಾಗ ಆ ಕಾಲದ, ಚೆನ್ನಾಗಿ ಬಳಸಿದ ಒಂದು ಡೆಕ್ ನನ್ನ ಮೇಜಿನ ಮೇಲಿದೆ. ಅದರ ಬಾಲ ನೆಲಕ್ಕೆ ಉಜ್ಜಿ ಉಜ್ಜಿ ಮಚ್ಚಿನ ಅಲಗಿನಂತೆ ತೆಳುವಾಗಿದೆ. ಅಂಚಿನಲ್ಲಿ ಏಳು ಗೆರೆಗಳನ್ನು ಎಣಿಸಬಹುದು. ಒಂದು ಪದರಕ್ಕೆ ನೀಲಿ ಬಣ್ಣ ಕೊಟ್ಟಿದ್ದಾರೆ, ಅಡ್ಡ ಎಳೆಯ ಎರಡು ಪದರಗಳು ಎಳೆಯ ತುದಿ ಹೊರಗಿರುವುದರಿಂದ ಉಳಿದವಕ್ಕಿಂತ ಕಪ್ಪಗೆ ಕಾಣುತ್ತವೆ. ಮಗುಚಿ ಹಾಕಿ ಚಿತ್ರದ ಮೇಲೆ ಉಗುರು ಎಳೆದರೆ, ಕೆಂಪು ಮುಗಿದು ಕಪ್ಪು ಆರಂಭವಾಗುವ ಕಡೆ ಒಂದು ಸಣ್ಣ ದಿಣ್ಣೆ ತಾಗುತ್ತದೆ. ಒಂದು ಮೂಲೆಯಲ್ಲಿ ಕೆಂಪು ಬಣ್ಣ ಕಪ್ಪು ಗೆರೆಯನ್ನು ಕೂದಲೆಳೆಯಷ್ಟು ದಾಟಿದೆ.

ಆ ದಿಣ್ಣೆಯೇ ಸ್ಕ್ರೀನ್ ಪ್ರಿಂಟಿಂಗಿನ ಗುರುತು. ಲಗ್ನಪತ್ರಿಕೆ, ಬಟ್ಟೆಯ ಚೀಲಗಳ ಮೇಲೆ ನಾವು ನೋಡಿರುವ ಅದೇ ಮುದ್ರಣ. ಆದರೆ ಇಲ್ಲಿ ಕಾಗದ ಚಪ್ಪಟೆಯಾಗಿರುವಂತೆ ಹಲಗೆ ಚಪ್ಪಟೆಯಾಗಿಲ್ಲ. ಆದ್ದರಿಂದ ಡೆಕ್ಕಿನ ಬಾಗಿಗೆ ತಕ್ಕಂತೆ ತಾನೂ ಬಾಗುವ ಜಾಲರಿಯನ್ನು ಹೊಂದಿಸಿ, ಕೈಯಿಂದಲೇ ಶಾಯಿ ಎಳೆಯಬೇಕು. ಒಂದು ಬಣ್ಣಕ್ಕೆ ಒಂದು ಜಾಲರಿ, ಒಂದು ಎಳೆತ, ಒಂದು ಸಲ ಒಣಗಿಸುವಿಕೆ. ಐದು ಬಣ್ಣವೆಂದರೆ ಐದು ಸಲ, ಪ್ರತಿ ಸಲವೂ ಕೂದಲೆಳೆ ತಪ್ಪದ ಹಾಗೆ. 2000ದ ನಂತರ ಪ್ಲಾಸ್ಟಿಕ್ ಹಾಳೆಯ ಮೇಲೆ ಇಡೀ ಚಿತ್ರವನ್ನು ಮೊದಲೇ ಮುದ್ರಿಸಿ, ಬಿಸಿ ಉರುಳೆಯಿಂದ ಹಲಗೆಗೆ ಒತ್ತುವ ವಿಧಾನ ಹರಡಿತು. ಅದು ಅಗ್ಗ, ಬೇಗ ಆಗುತ್ತದೆ, ಛಾಯಾಚಿತ್ರವನ್ನು ಕೂಡ ಮೂಡಿಸುತ್ತದೆ. ಆದರೆ ಉಗುರಿಗೆ ತಾಗುವುದೇನೂ ಇಲ್ಲ. ಹಲಗೆಯಿಂದ ಏನಾದರೂ ಹೋಗಿದ್ದರೆ ಅದು ಈ ಕೈ, ಮರವಲ್ಲ.

ಚಿತ್ರಗಳ ವಿಷಯವೂ ಹಾಗೆಯೇ ಶ್ರೀಮಂತ. ಎಂಬತ್ತರ ದಶಕದಲ್ಲಿ ಒಬ್ಬ ಆಟಗಾರನ ಹೆಸರಿನ ಡೆಕ್ ಒಂದೇ ಚಿತ್ರದೊಂದಿಗೆ ವರ್ಷಗಟ್ಟಲೆ ಮಾರಾಟವಾಗುತ್ತಿತ್ತು. ಸ್ಟೀವ್ ರೊಕ್ಕೊ ಕಟ್ಟಿದ ವರ್ಲ್ಡ್ ಇಂಡಸ್ಟ್ರೀಸ್ ಮತ್ತು ಅದರ ಸೋದರ ಬ್ರಾಂಡುಗಳು ಈ ಕ್ರಮವನ್ನು ಮುರಿದು, ಕೆಲವೇ ತಿಂಗಳುಗಳಿಗೊಮ್ಮೆ ಚಿತ್ರ ಬದಲಿಸತೊಡಗಿದವು. ಮಾರ್ಕ್ ಮೆಕೀ, ಶಾನ್ ಕ್ಲೈವರ್ ಮೊದಲಾದ ಚಿತ್ರಕಾರರು ಕಾರ್ಟೂನುಗಳನ್ನೂ ದೊಡ್ಡ ಕಂಪನಿಗಳ ಗುರುತುಗಳನ್ನೂ ತಿರುಚಿ ಅಣಕಿಸಿದರು. ಪೊವೆಲ್ ಪೆರಾಲ್ಟಾ ಕಂಪನಿಯ ಹೆಸರುವಾಸಿಯಾದ ತಲೆಬುರುಡೆ ಮತ್ತು ಹಾವಿನ ಚಿತ್ರಕ್ಕೆ ಉತ್ತರವಾಗಿ, ಮಾರ್ಕ್ ಗೊನ್ಸಾಲೆಸ್ ಅವರ ಬ್ಲೈಂಡ್ ಬ್ರಾಂಡಿನ ಡೆಕ್ಕಿನಲ್ಲಿ ತಲೆಬುರುಡೆಯ ಜೊತೆ ಬಾಳೆಹಣ್ಣು ಬಂತು. ಕೆಲವು ಚಿತ್ರಗಳಿಗೆ ವಕೀಲರ ನೋಟಿಸು ಬಂದು ಅವು ಅಂಗಡಿಯಿಂದ ಮರೆಯಾದವು. ಹದಿನಾಲ್ಕು ವರ್ಷದ ಹುಡುಗನಿಗೆ ಆ ಡೆಕ್ ಎಷ್ಟು ಆಪ್ತವಾಗಿತ್ತು ಎಂಬುದನ್ನು, ಅವನು ಇಂದು ನಲವತ್ತು ದಾಟಿ ಅದೇ ಚಿತ್ರಕ್ಕಾಗಿ ಹುಡುಕಾಡುವಾಗ ಅರ್ಥಮಾಡಿಕೊಳ್ಳಬಹುದು.

ಬೆಲೆ ಏರಿದ್ದಕ್ಕೆ ಮತ್ತೊಂದು ಸರಳ ಕಾರಣವಿದೆ. ಡೆಕ್ ಸವೆಸುವುದಕ್ಕಾಗಿಯೇ ಮಾಡಿದ ವಸ್ತು. ಬೀದಿಯಲ್ಲಿ ಓಡಿಸಿದರೆ ಚಿತ್ರ ಮೊದಲ ದಿನವೇ ಕೆರೆಯುತ್ತದೆ, ಕೆಲವು ವಾರ ಅಥವಾ ತಿಂಗಳಲ್ಲಿ ಹಲಗೆ ಮುರಿಯುತ್ತದೆ, ಹುಡುಗ ಅದನ್ನು ಎಸೆದು ಹೊಸದು ತರುತ್ತಾನೆ. ಕಡಿಮೆ ಸಂಖ್ಯೆಯಲ್ಲಿ ಅಚ್ಚಾಗಿ, ಬಹುಪಾಲು ಕಸಕ್ಕೆ ಹೋದದ್ದರಲ್ಲಿ ಉಳಿದ ಕೆಲವಕ್ಕೆ ಬೆಲೆ ಬರುವುದು ಸಹಜ. ಅದರಿಂದೀಚಿನ ಡೆಕ್‌ಗಳಿಗೂ ಈ ಮೋಹ ಹಬ್ಬಿದೆ. 1998ರಿಂದ 2018ರವರೆಗಿನ ಸುಪ್ರೀಮ್ ಬ್ರಾಂಡಿನ 248 ಡೆಕ್‌ಗಳ ಪೂರ್ಣ ಸಂಗ್ರಹ 2019ರಲ್ಲಿ ಸಾದಬೀಸ್ ಹರಾಜಿನಲ್ಲಿ 8 ಲಕ್ಷ ಡಾಲರಿಗೆ ಹೋಯಿತು.

ಓಡಿಸಬಹುದೇ ಎಂಬ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟ: ಬೇಡ. ವೀಣೆ ಹಳತಾದಷ್ಟೂ ನಾದ ಮಾಗುತ್ತದೆ ಎನ್ನುತ್ತಾರೆ. ಡೆಕ್ಕಿಗೆ ಆ ಭಾಗ್ಯವಿಲ್ಲ. ಮೂವತ್ತು ವರ್ಷದಲ್ಲಿ ಮರ ಒಣಗಿ ಪುಟಿಯುವ ಗುಣ ಕಳೆದುಕೊಳ್ಳುತ್ತದೆ, ತೇವವೂ ಒಣಹವೆಯೂ ಸರದಿಯಲ್ಲಿ ತಾಗಿ ಅಂಟು ಸಡಿಲವಾಗುತ್ತದೆ. ಜಿಗಿದು ಇಳಿದಾಗ ಹಲಗೆ ಟ್ರಕ್ಕಿನ ಬಳಿಯೇ ತುಂಡಾದರೆ ಮೊಣಕೈ, ಮಣಿಕಟ್ಟಿಗೆ ಪೆಟ್ಟು ಖಂಡಿತ. ಅದೇ ಚಿತ್ರದ ಮೇಲೆ ಆಸೆಯಿದ್ದರೆ, ಹಳೆಯ ಎಷ್ಟೋ ಚಿತ್ರಗಳನ್ನು ಹೊಸ ಮರದ ಮೇಲೆ ಮತ್ತೆ ಅಚ್ಚು ಹಾಕಿ ಮಾರುತ್ತಾರೆ. ಅಂಥದ್ದನ್ನು ಓಡಿಸಲಿ.

ಇಂಥ ಮರುಮುದ್ರಣವನ್ನೇ ಹಳೆಯದೆಂದು ಮಾರುವವರೂ ಇರುವುದರಿಂದ, ಮಗ ಕೊಂಡದ್ದನ್ನು ಒಮ್ಮೆ ಪರೀಕ್ಷಿಸಲಿ. ಉಗುರಿಗೆ ಶಾಯಿಯ ದಿಣ್ಣೆ ತಾಗದೆ, ಇಡೀ ಚಿತ್ರ ಒಂದೇ ತೆಳು ಪೊರೆಯಂತಿದ್ದರೆ ಅದು 1992ರದ್ದಾಗಿರುವ ಸಂಭವ ತೀರ ಕಡಿಮೆ. ಟ್ರಕ್ಕಿನ ಬೋಲ್ಟು ತೂತುಗಳನ್ನೂ ಅಳೆಯಲಿ. ಉದ್ದಕ್ಕೆ ಎರಡೂವರೆ ಅಂಗುಲವಿದ್ದ ತೂತುಗಳ ಅಂತರ ತೊಂಬತ್ತರ ದಶಕದ ಆರಂಭದಲ್ಲಿ ಎರಡೂಕಾಲು ಅಂಗುಲಕ್ಕಿಂತ ತುಸು ಕಡಿಮೆಗೆ ಇಳಿಯಿತು. ಡೆಕ್ ಯಾವ ಕಾಲದ್ದೆಂದು ಊಹಿಸಲು ಇದೂ ನೆರವಾಗುತ್ತದೆ. ಗೋಡೆಗೆ ತೂಗುಹಾಕುವುದಾದರೆ ಬಿಸಿಲು ಬೀಳದ ಕಡೆ ಹಾಕಲಿ, ಏಕೆಂದರೆ ಆ ಕಾಲದ ಕಣ್ಣು ಕುಕ್ಕುವ ಗುಲಾಬಿ, ಹಸಿರು ಶಾಯಿಗಳು ಬೆಳಕಿಗೆ ಬೇಗ ಮಂಕಾಗುತ್ತವೆ. ಮುಂದೆಂದಾದರೂ ಊರಿಗೆ ತಂದರೆ, ಮಳೆಗಾಲದಲ್ಲಿ ತೇವ ಹಿಡಿಯುವ ಗೋಡೆಗೆ ಒರಗಿಸಿಡಬೇಡಿ.